ಪ್ಲೇಗಿನ ಚಿತ್ರಗಳಲ್ಲಿ ಗೆಡ್ಡೆ ಎಲ್ಲಿ? ಚಿಗಟ ಎಲ್ಲಿ?

ಭೌತವಿಜ್ಞಾನವನ್ನು ಪಾಠ ಹೇಳುವವನಿಗೆ ಚಿತ್ರಕಲೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನು ಮಾಡಿದ ಒಂದು ತಪ್ಪೇ ಅದಕ್ಕೆ ಕಾರಣ. ಕೊರೊನಾ ಪಿಡುಗು ತಣ್ಣಗಾಗಿ ತರಗತಿಗಳು ಮತ್ತೆ ತೆರೆದ ಕಾಲದಲ್ಲಿ ಕಾಲೇಜಿನ ವಿಜ್ಞಾನ ಸಂಘದವರು ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದರು. ಚಿತ್ರವಿಲ್ಲದ ಉಪನ್ಯಾಸಕ್ಕೆ ಹುಡುಗರು ಬರುವುದಿಲ್ಲವಷ್ಟೆ. ಪರದೆಯ ಮೇಲೆ ಯೂರೋಪಿನ ಹಳೆಯ ಹಸ್ತಪ್ರತಿಯೊಂದರ ಚಿತ್ರವನ್ನು ತೋರಿಸಿದೆ. ಮುಖದ ತುಂಬ ಕೆಂಪು ಚುಕ್ಕೆಗಳೆದ್ದ ಕೆಲವು ಪಾದ್ರಿಗಳು ನಿಂತಿದ್ದಾರೆ. ಅವರೆದುರು ಒಬ್ಬ ಬಿಷಪ್ ಕೈಯೆತ್ತಿದ್ದಾನೆ. "ಇದು ಹದಿನಾಲ್ಕನೆಯ ಶತಮಾನದ ಮಹಾಪ್ಲೇಗಿನ ಚಿತ್ರ" ಎಂದು ಧೈರ್ಯವಾಗಿ ಹೇಳಿದೆ. ನಾನು ನೋಡಿದ್ದ ನಾಲ್ಕಾರು ಪುಸ್ತಕಗಳೂ ಹಾಗೆಯೇ ಹೇಳಿದ್ದವು.

ಸಭೆ ಮುಗಿಯುವ ಹೊತ್ತಿಗೆ ಮಾಗಡಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಮಾಗಡಿಯೆಂದರೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಕೆರೆಯ ಊರು. ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಸಮೀಪದ್ದು. "ಪ್ಲೇಗಿನ ಗಡ್ಡಿ ತೊಡಿ ಸಂದಿನ್ಯಾಗ, ಬಗಲಾಗ ಏಳತಿತ್ತಂತ ನಮ್ಮ ಆಯಿ ಹೇಳ್ತಿದ್ರು ಸರ್. ಈ ಚಿತ್ರದಾಗ ಬರೇ ಮುಖದ ಮ್ಯಾಲ ಚುಕ್ಕಿ ಅದಾವಲ್ರಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನೋಡಿ ಹೇಳುತ್ತೇನೆಂದು ಜಾರಿಕೊಂಡೆ.

ನೋಡಿದಾಗ ತಿಳಿದದ್ದು ಇಷ್ಟು. ಆ ಚಿತ್ರವಿರುವುದು 'ಓಮ್ನೆ ಬೋನುಮ್' ಎಂಬ ಲ್ಯಾಟಿನ್ ವಿಶ್ವಕೋಶದಲ್ಲಿ. ಲಂಡನ್ನಿನ ಖಜಾನೆಯಲ್ಲಿ ಗುಮಾಸ್ತನಾಗಿದ್ದ ಜೇಮ್ಸ್ ಲೆ ಪಾಮರ್ ಎಂಬಾತ ಸುಮಾರು 1360ರಿಂದ 1375ರವರೆಗೆ ಅದನ್ನು ಕೂಡಿಸಿ ಬರೆದ. ಅದೀಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚಿತ್ರದ ಪಕ್ಕದಲ್ಲಿರುವ ಬರಹದ ವಿಷಯ ಪ್ಲೇಗಲ್ಲ. ಅಂಗದೌರ್ಬಲ್ಯವುಳ್ಳ ಪಾದ್ರಿ ಪೂಜಾಕಾರ್ಯಗಳನ್ನು ನಡೆಸಬಹುದೆ ಎಂಬ ಜಿಜ್ಞಾಸೆ. ಮುಖದ ಚುಕ್ಕೆಗಳು ಕುಷ್ಠದ ಗುರುತುಗಳು. ಮೋನಿಕಾ ಗ್ರೀನ್ ಮತ್ತು ಇಬ್ಬರು ಸಂಗಡಿಗರು 2014ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಈ ಚಿತ್ರಕ್ಕೆ ತಪ್ಪು ಶೀರ್ಷಿಕೆ ಅಂಟಿಕೊಂಡು ಜಗತ್ತನ್ನೆಲ್ಲ ಸುತ್ತಿದ ಬಗೆಯನ್ನು ತೋರಿಸಿಕೊಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇಗನೆ ಅಂಟದ, ಔಷಧದಿಂದ ಪೂರ್ತಿ ಗುಣವಾಗುವ ಕುಷ್ಠವನ್ನು ನೋಡಿ ಜನ ಇಂದಿಗೂ ದೂರ ಸರಿಯುತ್ತಾರೆ. ಅಂತಹ ರೋಗಿಗಳ ಚಿತ್ರವನ್ನು ಮಹಾಮಾರಿಯೆಂದು ನಾನೂ ತೋರಿಸಿದ್ದೆನೆಂಬುದು ನನ್ನನ್ನು ಬಹಳ ದಿನ ಕಾಡಿತು.

ಆಯಿಯ ಮಾತು ಮಾತ್ರ ಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ಪ್ಲೇಗಿಗೆ ಕಾರಣ 'ಯೆರ್ಸಿನಿಯಾ ಪೆಸ್ಟಿಸ್' ಎಂಬ ಬ್ಯಾಕ್ಟೀರಿಯ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಅದನ್ನು ಕಂಡುಹಿಡಿದ. ಅದು ಮೂಲತಃ ಇಲಿ ಮೊದಲಾದ ದಂಶಕಗಳ ರೋಗ. ಇಲಿ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಚಿಗಟಗಳು ಬೇರೆ ಬಿಸಿರಕ್ತವನ್ನು ಹುಡುಕಿಕೊಂಡು ಹೊರಡುತ್ತವೆ. ಕಚ್ಚಿದ ಜಾಗದಿಂದ ಬ್ಯಾಕ್ಟೀರಿಯಗಳು ದುಗ್ಧರಸದೊಡನೆ ಹರಿದು ಅತ್ಯಂತ ಸಮೀಪದ ದುಗ್ಧಗ್ರಂಥಿಯನ್ನು ಸೇರುತ್ತವೆ. ಚಿಗಟ ಕಾಲಿಗೆ ಕಚ್ಚಿದ್ದರೆ ಆ ಗ್ರಂಥಿ ಇರುವುದು ತೊಡೆಸಂದಿನಲ್ಲಿ. ಕೈಗೆ ಕಚ್ಚಿದ್ದರೆ ಕಂಕುಳಲ್ಲಿ. ಕೆಲವು ದಿನಗಳಲ್ಲಿ ಜ್ವರ ಏರಿ, ಗ್ರಂಥಿ ಬಾತು, ಮುಟ್ಟಲಾರದಷ್ಟು ನೋಯುವ ಗೆಡ್ಡೆಯಾಗುತ್ತದೆ. ಇಂದು ಬೇಗ ಗುರುತಿಸಿದರೆ ಜೀವಿರೋಧಕ ಔಷಧಗಳಿಂದ ರೋಗಿ ಬದುಕುತ್ತಾನೆ. ಅವು ಇಲ್ಲದ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು.

ಇದರಿಂದ ಹಳೆಯ ಚಿತ್ರಗಳನ್ನು ತೂಗುವ ಒಂದು ತಕ್ಕಡಿ ಕೈಗೆ ಸಿಕ್ಕಂತಾಯಿತು. ಗೆಡ್ಡೆ ಎಲ್ಲಿದೆ, ಎಷ್ಟಿದೆ ಎಂದು ನೋಡುವುದು. ಸ್ವಿಟ್ಜರ್ಲೆಂಡಿನ 1411ರ ಟಾಗನ್‌ಬರ್ಗ್ ಬೈಬಲ್ಲಿನಲ್ಲಿ ಮೈಯೆಲ್ಲ ಬೊಕ್ಕೆಯೆದ್ದು ಮಲಗಿರುವ ಇಬ್ಬರ ಚಿತ್ರವುಂಟು. ಅದಕ್ಕೂ ಪ್ಲೇಗೆಂದೇ ಹೆಸರು ಬಿದ್ದಿದೆ. ನಿಜವಾಗಿ ಅದು ಬೈಬಲ್ಲಿನ ಕಥೆಯಲ್ಲಿ ಈಜಿಪ್ಟಿನವರಿಗೆ ತಗುಲಿದ ಹುಣ್ಣುಗಳ ಚಿತ್ರ. ಸಂತ ರೋಕನ ಚಿತ್ರಗಳು ಹಾಗಲ್ಲ. ಪ್ಲೇಗಿನಿಂದ ಕಾಪಾಡುವವನೆಂದು ಯೂರೋಪಿನ ಜನ ನಂಬಿದ್ದ ಈತನನ್ನು ಹದಿನೈದನೆಯ ಶತಮಾನದಿಂದೀಚೆಗೆ ನೂರಾರು ಮಂದಿ ಬರೆದರು. ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ಸಂತ ತನ್ನ ನಿಲುವಂಗಿಯನ್ನು ಸರಿಸಿ ತೊಡೆಯ ಮೇಲಿನ ಗೆಡ್ಡೆಯನ್ನು ಬೆರಳಿಟ್ಟು ತೋರಿಸುತ್ತಾನೆ. ಒಂದೇ ಗೆಡ್ಡೆ, ಅದೂ ತೊಡೆಯಲ್ಲಿ. ಮರ್ಯಾದೆಗಾಗಿ ಕಲಾವಿದರು ಅದನ್ನು ಸಂದಿನಿಂದ ನಾಲ್ಕು ಬೆರಳು ಕೆಳಗಿಳಿಸಿದರೆಂದು ತೋರುತ್ತದೆ. ದುಗ್ಧಗ್ರಂಥಿಯ ವಿಚಾರ ಅವರಿಗೆ ಗೊತ್ತಿರಲಿಲ್ಲ. ನೆರೆಮನೆಯವರ ತೊಡೆಸಂದನ್ನು ನೋಡಿದ್ದರು.

ಹಾಗಾದರೆ ಇಲಿ? ಇಲ್ಲಿ ಕಲಾವಿದರ ಕಣ್ಣು ಸೋಲುತ್ತದೆ. 1562ರ ಸುಮಾರಿಗೆ ಬ್ರೂಗಲ್ ಬರೆದ 'ಮೃತ್ಯುವಿನ ವಿಜಯ'ದಲ್ಲಿ ಅಸ್ಥಿಪಂಜರಗಳ ಸೈನ್ಯವೇ ದಂಡೆತ್ತಿ ಬರುತ್ತದೆ. ಹಕ್ಕಿಯ ಕೊಕ್ಕಿನಂತಹ ಮುಖವಾಡ ತೊಟ್ಟ ವೈದ್ಯನನ್ನು ಪಾಲ್ ಫ್ಯೂರ್ಸ್ಟ್ 1656ರ ಪ್ರಸಿದ್ಧ ಮುದ್ರಣದಲ್ಲಿ ತೋರಿಸಿದ. ಆ ಕೊಕ್ಕಿನೊಳಗೆ ಸುಗಂಧದ್ರವ್ಯ ತುಂಬುತ್ತಿದ್ದರಂತೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬ ನಂಬಿಕೆ ಅಷ್ಟು ಬಲವಾಗಿತ್ತು.

ಇಲಿಗಳನ್ನು ಎದ್ದು ಕಾಣುವಂತೆ ಬರೆದವನು ನಿಕೊಲಾ ಪೂಸ್ಸಾಂ. ಇಟಲಿಯನ್ನು ಪ್ಲೇಗು ಹಿಂಡುತ್ತಿದ್ದ 1630–31ರಲ್ಲಿ ಆತ ರೋಮಿನಲ್ಲಿ ಕುಳಿತು 'ಅಷ್ಡೋದಿನ ಪ್ಲೇಗು' ಎಂಬ ಚಿತ್ರವನ್ನು ರಚಿಸಿದ. ಅದು ಪ್ಯಾರಿಸಿನ ಲೂವ್ರಿನಲ್ಲಿದೆ. ಮುಂದುಗಡೆ ಸತ್ತ ತಾಯಿ, ಅವಳ ಎದೆಯ ಬಳಿ ಹಸುಗೂಸು, ಮೂಗು ಮುಚ್ಚಿಕೊಂಡು ಬಾಗಿದ ಮನುಷ್ಯ. ಕಲ್ಲುಹಾಸಿನ ಮೇಲೆ ಇಲಿಗಳು. ಮೊದಲ ನೋಟಕ್ಕೆ ಆತ ವಿಜ್ಞಾನಕ್ಕಿಂತ ಇನ್ನೂರ ಅರವತ್ತು ವರ್ಷ ಮುಂದಿದ್ದನೆಂದು ಮೆಚ್ಚಬೇಕೆನಿಸುತ್ತದೆ. ಆದರೆ ಫಿಲಿಸ್ಟೈನರಿಗೆ ಗೆಡ್ಡೆಗಳೂ ಅವರ ನಾಡಿಗೆ ಇಲಿಗಳೂ ಒಟ್ಟಿಗೆ ಬಂದವೆಂದು ಬೈಬಲ್ಲಿನ ಕಥೆಯೇ ಹೇಳುತ್ತದೆ; ಆತ ಅದನ್ನು ಓದಿ ಬರೆದ. ಚಿತ್ರದಲ್ಲಿರುವವರು ಹೆದರುವುದು ನಾತಕ್ಕೆ. ಕಾಲ ಬಳಿಯ ಇಲಿಯನ್ನು ರೋಗಕ್ಕೆ ಕಾರಣವೆಂದು ಯಾರೂ ನೋಡುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿಧಾನ ತಪ್ಪಿಯೂ ಉತ್ತರ ಸರಿ ಬಂದ ಹುಡುಗನಿಗೆ ಎಷ್ಟು ಅಂಕ ಕೊಡಬೇಕೆಂಬ ಪ್ರಶ್ನೆ ನನಗೆ ಇಲ್ಲಿ ನೆನಪಾಗುತ್ತದೆ.

ಅದಕ್ಕಿಂತ ಹತ್ತು ಹನ್ನೆರಡು ವರ್ಷ ಮೊದಲೇ ನಮ್ಮ ದೇಶದಲ್ಲಿ ಒಬ್ಬ ಹೆಂಗಸು ಇಲಿಯನ್ನು ಸರಿಯಾಗಿಯೇ ನೋಡಿದ್ದಳು. ಜಹಾಂಗೀರ್ ಬಾದಷಹನ ಆತ್ಮಕಥೆಯಲ್ಲಿ ಅದು ದಾಖಲಾಗಿದೆ. ಆಗ್ರಾದಲ್ಲಿ ಪ್ಲೇಗು ಹಬ್ಬಿದ್ದಾಗ ಆಸಫ್ ಖಾನನ ಮಗಳ ಮನೆಯಂಗಳದಲ್ಲಿ ಇಲಿಯೊಂದು ಕುಡಿದವನಂತೆ ತೂರಾಡುತ್ತ ಬಂದಿತು. ಅವಳ ಅಪ್ಪಣೆಯಂತೆ ದಾಸಿಯೊಬ್ಬಳು ಅದನ್ನು ಬಾಲ ಹಿಡಿದು ಬೆಕ್ಕಿನ ಮುಂದೆ ಎಸೆದಳು. ಬೆಕ್ಕು ಬಾಯಿ ಹಾಕಿ, ಕೂಡಲೇ ಅಸಹ್ಯದಿಂದ ಬಿಟ್ಟಿತು. ಬೆಕ್ಕು ಕಾಯಿಲೆ ಬಿದ್ದು, ಕೆಲವು ದಿನ ನರಳಿ ಚೇತರಿಸಿಕೊಂಡಿತು. ತರುವಾಯ ದಾಸಿಗೂ ಜ್ವರ ಬಂದು ಗೆಡ್ಡೆ ಎದ್ದಿತು. ಆ ದರಬಾರಿನ ಚಿತ್ರಕಾರರು ಹಕ್ಕಿಯ ಒಂದೊಂದು ಗರಿಯನ್ನೂ ಬಿಡದೆ ಬರೆಯಬಲ್ಲವರಾಗಿದ್ದರು. ಈ ಇಲಿಯ ಚಿತ್ರವನ್ನು ನಾನೆಲ್ಲಿಯೂ ಕಂಡಿಲ್ಲ.

ಇನ್ನು 1898ಕ್ಕೆ ಬರೋಣ. ಆ ವರ್ಷ ಇಟಲಿಯಲ್ಲಿ ನೆಲೆಸಿದ್ದ ಸ್ವಿಸ್ ಕಲಾವಿದ ಆರ್ನಾಲ್ಡ್ ಬ್ಯೋಕ್ಲಿನ್ 'ಪ್ಲೇಗು' ಎಂಬ ಚಿತ್ರವನ್ನು ಬರೆದ. ಅದು ಬಾಸೆಲ್ ನಗರದ ಸಂಗ್ರಹಾಲಯದಲ್ಲಿದೆ. ರೆಕ್ಕೆಯುಳ್ಳ ದೈತ್ಯಮೃಗವನ್ನೇರಿದ ಮೃತ್ಯು ಕುಡುಗೋಲು ಬೀಸುತ್ತ ಇಕ್ಕಟ್ಟಾದ ಬೀದಿಯಲ್ಲಿ ಹಾರಿಬರುತ್ತದೆ. ಮುಂಬಯಿಯ ಪ್ಲೇಗಿನ ಸುದ್ದಿ ಇದಕ್ಕೆ ಪ್ರೇರಣೆಯೆಂದು ಹೇಳುವುದುಂಟು. ಅದೇ ವರ್ಷ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ಪೋಲ್-ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಗಾಜಿನ ಜಾಡಿಯೊಂದರಲ್ಲಿ ರೋಗದ ಇಲಿಯನ್ನೂ ಆರೋಗ್ಯವಂತ ಇಲಿಯನ್ನೂ ಒಂದನ್ನೊಂದು ಮುಟ್ಟದಂತೆ ಬಲೆಯಿಂದ ಬೇರ್ಪಡಿಸಿ ಇಟ್ಟ. ಚಿಗಟ ಮಾತ್ರ ದಾಟಬಹುದಾಗಿತ್ತು. ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಆತನನ್ನು ಹೆಚ್ಚು ಮಂದಿ ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಸಂಶೋಧನ ಆಯೋಗ ಇನ್ನೂ ಸೊಗಸಾದ ಪ್ರಯೋಗ ನಡೆಸಿತು. ಪ್ಲೇಗಿನ ಚಿಗಟಗಳಿದ್ದ ಕಡೆ ಗಿನಿಯಿಲಿಯ ಪಂಜರವನ್ನು ನೆಲದಿಂದ ಎರಡು ಅಂಗುಲ ಎತ್ತರದಲ್ಲಿ ತೂಗುಹಾಕಿದರೆ ರೋಗ ತಗುಲಿತು. ಎರಡು ಅಡಿ ಎತ್ತರದಲ್ಲಿ ತೂಗುಹಾಕಿದರೆ ತಗುಲಲಿಲ್ಲ. ಗಾಳಿಗೆ ಎರಡು ಅಂಗುಲವೂ ಒಂದೆ, ಎರಡಡಿಯೂ ಒಂದೆ. ಚಿಗಟದ ನೆಗೆತಕ್ಕೆ ಮಾತ್ರ ಅಲ್ಲ. ಅಳತೆಕೋಲೊಂದರಿಂದ ಶತಮಾನಗಳ ವಾದ ಮುಗಿಯಿತು.

ಆ 1898ರಲ್ಲಿಯೇ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿತ್ತು. ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಅಲ್ಲಿ 35,000ಕ್ಕೂ ಹೆಚ್ಚು ಜನರಿಗೆ ಚುಚ್ಚಲಾಯಿತು. ಬೆಂಗಳೂರಿಗೂ ರೋಗ ಕಾಲಿಟ್ಟದ್ದು ಅದೇ ವರ್ಷ. ನಮ್ಮ ನಾಡಿನ ಅಂದಿನ ಪ್ಲೇಗಿಗೆ ಬ್ಯೋಕ್ಲಿನನಂತಹ ವರ್ಣಚಿತ್ರಕಾರ ದೊರೆತಂತೆ ಕಾಣೆ. ಮುಂಬಯಿಯಲ್ಲಿ ಕ್ಯಾಪ್ಟನ್ ಮಾಸ್ ಎಂಬವರದೆನ್ನಲಾದ 1897ರ ಛಾಯಾಚಿತ್ರಗಳುಂಟು: ಆಸ್ಪತ್ರೆಯ ಮಂಚಗಳ ಸಾಲು, ಮನೆ ತೊಳೆಯುವ ನೀರಿನ ಯಂತ್ರ, ಸಾಲುಗಟ್ಟಿ ನಿಂತ ಸಿಬ್ಬಂದಿ. ಸರ್ಕಾರದ ಕೆಲಸವನ್ನು ತೋರಿಸುವುದೇ ಅವುಗಳ ಉದ್ದೇಶವಾದ್ದರಿಂದ ರೋಗಿಗಿಂತ ಕೆಲಸಗಾರನೇ ಅವುಗಳಲ್ಲಿ ಎದ್ದು ಕಾಣುತ್ತಾನೆ. ಕನ್ನಡ ಜನ ರೋಗಕ್ಕೆ ದೇವತೆಯ ಹೆಸರು ಕೊಟ್ಟರು. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗಿನಮ್ಮನ ಗುಡಿ ಇಂದಿಗೂ ಇದೆ.

ಪ್ಲೇಗಿನ ನಿಜವಾದ ಕನ್ನಡ ಚಿತ್ರಗಳು ಬಂದದ್ದು ಕಾದಂಬರಿಯಲ್ಲಿ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಶಿವಮೊಗ್ಗೆಯಿಂದ ಮರಳಿದ ನಾರಣಪ್ಪನ ಸಾವಿನಿಂದ ತೊಡಗುತ್ತದೆ. ಅಗ್ರಹಾರದಲ್ಲಿ ಇಲಿಗಳು ಬಿದ್ದು ಸಾಯುತ್ತವೆ, ಮನೆಗಳ ಮೇಲೆ ಹದ್ದುಗಳು ಬಂದು ಕೂರುತ್ತವೆ. ಹೆಣಕ್ಕೆ ಸಂಸ್ಕಾರ ಮಾಡುವವರಾರೆಂಬ ಚರ್ಚೆಯಲ್ಲಿ ಮುಳುಗಿದ ಅಗ್ರಹಾರದವರು ಅದನ್ನು ಅಪಶಕುನವೆಂದು ಓದುತ್ತಾರೆ. ಇಲಿಯನ್ನು ಕಂಡೊಡನೆ ಓದುಗನ ಎದೆ ಮಾತ್ರ ಝಲ್ಲೆನ್ನುತ್ತದೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಚಲನಚಿತ್ರವಾಗಿಸಿದರು. ಪೂಸ್ಸಾಂನ ಇಲಿಗೂ ಈ ಇಲಿಗೂ ನಡುವೆ ಸಿಮೋಂನ ಜಾಡಿ ನಿಂತಿದೆ. ಎಸ್. ಎಲ್. ಭೈರಪ್ಪನವರ 'ಗೃಹಭಂಗ'ದಲ್ಲಿ (1970) ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವ ಪ್ಲೇಗಿನ ದಿನಗಳಿವೆ. ಮನೆಯೊಳಗಿನ ದುಃಖವನ್ನು ಅಷ್ಟು ಹತ್ತಿರದಿಂದ ತೋರಿಸಿದ ಪ್ಲೇಗಿನ ಬರಹ ನನಗೆ ಬೇರೆ ತಿಳಿಯದು.

ಆ ಹುಡುಗಿಯ ಆಯಿಯೂ ಇದನ್ನೇ ಹೇಳುತ್ತಿದ್ದರಂತೆ. ಮನೆಯಲ್ಲಿ ಇಲಿ ಬಿತ್ತೆಂದರೆ ಮಾಗಡಿಯ ಜನ ದವಸದ ಗಂಟನ್ನೂ ಮಕ್ಕಳನ್ನೂ ಎತ್ತಿಕೊಂಡು ಹೊಲಕ್ಕೆ ಹೋಗಿ ಗುಡಿಸಲಲ್ಲಿರುತ್ತಿದ್ದರಂತೆ. ಚಿಗಟದ ಹೆಸರೆತ್ತದೆಯೇ ಅವರು ಚಿಗಟದಿಂದ ದೂರವಾಗುತ್ತಿದ್ದರು.

ಮುಂದಿನ ವಾರ ಸಂಘದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಇಷ್ಟನ್ನೂ ಹೇಳಿದಾಗ ಆ ಹುಡುಗಿ ಮತ್ತೆ ಎದ್ದಳು. ಗೆಡ್ಡೆಯ ಚಿತ್ರವಾಯಿತು, ಇಲಿಯ ಚಿತ್ರವಾಯಿತು. ಚಿಗಟವನ್ನು ಯಾರೂ ಬರೆಯಲಿಲ್ಲವೆ? ಈ ಪ್ರಶ್ನೆಗೆ ಉತ್ತರ ನನ್ನ ಶಾಸ್ತ್ರದೊಳಗೇ ಇತ್ತು. ಸುರುಳಿ ಕಂಬಿಯ ನಿಯಮದಿಂದ ನೀವೆಲ್ಲರೂ ಬಲ್ಲ ರಾಬರ್ಟ್ ಹುಕ್ 1665ರ ಆರಂಭದಲ್ಲಿ ಲಂಡನ್ನಿನಲ್ಲಿ 'ಮೈಕ್ರೊಗ್ರಾಫಿಯ' ಎಂಬ ಪುಸ್ತಕವನ್ನು ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡಂತೆ ತೋರಿಸುವ ಚಿತ್ರಗಳು ಅದರಲ್ಲಿವೆ. ಅವುಗಳಲ್ಲಿ ಬಹು ದೊಡ್ಡದು, ಮಡಿಸಿಟ್ಟ ಹಾಳೆಯನ್ನು ಬಿಚ್ಚಿದರೆ ಸುಮಾರು ಒಂದೂವರೆ ಅಡಿ ಅಗಲ ಹರಡುವುದು, ಒಂದು ಚಿಗಟ. ಮೈಮೇಲಿನ ಕವಚದ ಪಟ್ಟಿಗಳು, ರೋಮಗಳು, ನೆಗೆಯಲು ಮಡಿಸಿದ ಹಿಂಗಾಲು, ಎಲ್ಲವೂ ಸ್ಪಷ್ಟ. ಅದು ಇಲಿಯ ಚಿಗಟವಲ್ಲ, ಮನುಷ್ಯರ ಮೇಲಿರುವ ಜಾತಿ ಎಂಬುದೊಂದು ಭೇದ. ಅದೇ ವರ್ಷದ ಬೇಸಿಗೆಯಲ್ಲಿ ಲಂಡನ್ನನ್ನು ಪ್ಲೇಗು ಹಿಡಿಯಿತು. ದಾಖಲೆಗೆ ಬಂದ ಸಾವುಗಳೇ 68,000ಕ್ಕೂ ಹೆಚ್ಚು. ಊರಿನ ತುಂಬ ಗಾಳಿಯನ್ನು ಶುದ್ಧಿಮಾಡಲು ಬೆಂಕಿ ಹಾಕಿದರು. ಹುಕ್ ತನ್ನ ಉಪಕರಣಗಳನ್ನು ಕಟ್ಟಿಕೊಂಡು ಗೆಳೆಯರೊಡನೆ ಎಪ್ಸಮ್ ಎಂಬ ಹಳ್ಳಿಯ ಕಡೆಗೆ ಹೊರಟುಹೋದ. ಆ ಚಿತ್ರದ ಪುಸ್ತಕ ಲಂಡನ್ನಿನ ಅಂಗಡಿಗಳಲ್ಲಿಯೇ ಇತ್ತು.