ಪರಸಿ ನೆಲದ ಕತಿ

ನಿಮ್ಮ ಮನಿ ನೆಲಕ್ಕ ಹಾಸಿದ ಪರಸಿ ಕಲ್ಲು ಕಲಬುರಗಿ ಸೀಮೆಯ ಶಹಾಬಾದಿಂದೇ ಇರಬಹುದು. ಆ ಸೀಮೆಯ ಕತಿ ಓದೀರೇನು?

ಚಿತ್ತಾಪುರ ತಾಲೂಕಿನ ಶಂಕರವಾಡಿಯೊಳಗ 1943ರಾಗ ಹುಟ್ಟಿದವರು ಚೆನ್ನಣ್ಣ ವಾಲೀಕಾರ. ದಲಿತ-ಬಂಡಾಯದ ಗಟ್ಟಿ ದನಿ. ಪ್ರಾಧ್ಯಾಪಕರಾದ ಮ್ಯಾಲೂ ಊರ ಹಸಿವು, ಸಿಟ್ಟು ಅವರ ಬರಹ ಬಿಡಲಿಲ್ಲ.

ಇನ್ನ ಗೀತಾ ನಾಗಭೂಷಣ. ಕಲಬುರಗಿ ಹತ್ರದ ಸಾವಳಗಿಯವರು; ಅಪ್ಪ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕ. ಅವರ ‘ಬದುಕು’ ಕಾದಂಬರಿ ತೆರೀರಿ: ಬಡವರ ಓಣಿಯ ಹೆಣ್ಣುಮಕ್ಕಳು ನಮ್ಮ ಮಾತಿನ್ಯಾಗೇ ಬೈತಾರ, ನಗ್ತಾರ. ಬೆಂಗಳೂರಿನವರಿಗೆ ಮೊದಲ ಪುಟ ತುಸು ಕಷ್ಟ ಅನಸಬಹುದು. ಅನಸಲಿ! ಆ ಮಾತು ತಿದ್ದಿದ್ರ ಆ ಮಂದಿನೇ ಉಳೀತಿರಲಿಲ್ಲ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ.

ವಾಡಿ, ಸೇಡಂನ ಸಿಮೆಂಟ್ ಧೂಳು, ಚಿಂಚೋಳಿಯ ತೊಗರಿ ಹೊಲ, ಇವುಗಳ ಕತಿ ಇನ್ನೂ ಬಾಳ ಬಾಕಿ ಅದ. ಅಲ್ಲಿಯವರೇ ಇದ್ರ, ನೀವೇ ಬರೀರಿ.