ನುಡಿಗೆ ಅಂಕಿತ, ದುಡಿಮೆಗೆ ಸಾಕ್ಷಿ

ವಚನ ಸಾಹಿತ್ಯದ ಅಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಯು ಮೊಟ್ಟಮೊದಲು ಅರಿಯಬೇಕಾದ ಪದಗಳಲ್ಲಿ ‘ಅಂಕಿತ’ವೂ ಒಂದು. ಅಂಕವೆಂದರೆ ಗುರುತು, ಗುರುತುಗೊಂಡುದು ಅಂಕಿತ. ಬಸವಣ್ಣನವರ ವಚನಗಳು ‘ಕೂಡಲಸಂಗಮದೇವ’ ಎಂಬ, ಅಲ್ಲಮಪ್ರಭುಗಳ ವಚನಗಳು ‘ಗುಹೇಶ್ವರ’ ಎಂಬ, ಅಕ್ಕಮಹಾದೇವಿಯವರ ವಚನಗಳು ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವನ್ನು ಹೊತ್ತಿರುವುದು ಸರ್ವವಿದಿತ. ಯಾವ ವಚನ ಯಾರದೆಂದು ನಿರ್ಣಯಿಸಲು ಇದು ನೆರವಾಗುತ್ತದೆಂಬುದು ಅಂಕಿತದ ಹೊರಗಿನ ಪ್ರಯೋಜನ. ಅದರ ಒಳಗಿನ ಪ್ರಯೋಜನ ಇನ್ನೂ ಗಹನವಾದುದು. ವಚನಕಾರನು ತನ್ನ ಹೆಸರನ್ನು ಮುಂದಿಡದೆ ಇಷ್ಟದೈವದ ಹೆಸರನ್ನು ಇರಿಸುತ್ತಾನೆ. ಅಂದರೆ, ಈ ಮಾತನ್ನು ದೈವದ ಸನ್ನಿಧಿಯಲ್ಲಿ ಆಡಿದ್ದೇನೆ, ಇದರ ಸತ್ಯಾಸತ್ಯಗಳಿಗೆ ತಾನೇ ಹೊಣೆಯೆಂದು ಒಪ್ಪಿಕೊಳ್ಳುತ್ತಾನೆ. ಹೀಗೆ ಅಂಕಿತವು ರುಜುವೂ ಹೌದು, ಆಣೆಯೂ ಹೌದು.

ಮಾತು ಸಾಗುವ ದಾರಿ ಇಂದು ಬದಲಾಗಿದೆ. ೨೦೨೧ರಲ್ಲಿ ರಚನೆಗೊಂಡ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹೊಲದ ಬದುವಿನಿಂದ ಮಠದ ಅಂಗಳದವರೆಗೆ ಮೊಬೈಲು ತಲುಪಿದೆ. ಸುದ್ದಿ, ಹರಕೆ, ವ್ಯಾಪಾರ, ಕೂಲಿಯ ಹಾಜರಿ ಎಲ್ಲವೂ ಅದರೊಳಗೆ ಸೇರಿಕೊಂಡಿವೆ. ಈ ಬದಲಾವಣೆ ಒಳ್ಳೆಯದೊ ಕೆಟ್ಟದೊ ಎಂದು ಒಟ್ಟಾಗಿ ತೀರ್ಮಾನಿಸುವುದು ಸುಲಭವಲ್ಲ. ಆದರೆ ಆಡಿದ ನುಡಿಗೆ ಹೊಣೆ ಯಾರು, ಮಾಡಿದ ದುಡಿಮೆಗೆ ಸಾಕ್ಷಿ ಯಾರು ಎಂಬೆರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ವಿಚಾರಕ್ಕೆ ಒಂದು ದಾರಿ ದೊರೆಯುತ್ತದೆ. ಈ ಪ್ರಶ್ನೆಗಳನ್ನು ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಎತ್ತಿದ್ದರು.

ನುಡಿಯ ವಾಹಕರು

ಹನ್ನೆರಡನೆಯ ಶತಮಾನದ ವಚನಗಳು ಇಂದಿನ ಓದುಗನ ಕೈಸೇರಿದ್ದು ಲಿಪಿಕಾರರ ದೆಸೆಯಿಂದ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಪ್ರತಿ ಮಾಡುವುದು ತಿಂಗಳುಗಟ್ಟಲೆಯ ಶ್ರಮ. ಪ್ರತಿ ಮುಗಿದಾಗ ಅನೇಕ ಲಿಪಿಕಾರರು ಕೊನೆಯ ಗರಿಯಲ್ಲಿ ತಮ್ಮ ಹೆಸರು, ಊರು, ಬರೆದು ಮುಗಿಸಿದ ತಿಥಿವಾರಗಳನ್ನು ದಾಖಲಿಸಿ, ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಂಡಿರುವುದನ್ನು ಹಸ್ತಪ್ರತಿಗಳಲ್ಲಿ ಕಾಣಬಹುದು. ನುಡಿ ಅವರದಲ್ಲ, ಆದರೂ ಅದನ್ನು ಮುಂದಕ್ಕೆ ಸಾಗಿಸಿದ ಹೊಣೆ ತಮ್ಮದೆಂದು ಅವರು ಬಗೆದಿದ್ದರು.

ಮುದ್ರಣಯುಗದಲ್ಲಿಯೂ ಈ ಹೊಣೆಗಾರಿಕೆ ಉಳಿಯಿತು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಹಸ್ತಪ್ರತಿಗಳನ್ನು ಕೂಡಿಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಪುಸ್ತಕಕ್ಕೆ ಸಂಪಾದಕನುಂಟು, ಪ್ರಕಾಶಕನುಂಟು. ಪಾಠ ತಪ್ಪಾಗಿದ್ದರೆ ಪತ್ರ ಬರೆದು ಕೇಳಲು ವಿಳಾಸವುಂಟು.

ಮೊಬೈಲಿನ ವಾಟ್ಸಾಪ್ ಸಂದೇಶಕ್ಕೆ ಈ ಬಗೆಯ ಕೊನೆಯ ಗರಿ ಇಲ್ಲ. ಬೆರಳಿನ ಒಂದು ಸ್ಪರ್ಶದಿಂದ ಮಾತು ನೂರು ಜನರಿಗೆ ದಾಟುತ್ತದೆ. ಮೊದಲು ಬರೆದವರು ಯಾರು, ನಡುವೆ ತಿದ್ದಿದವರು ಯಾರು ಎಂಬುದು ಮೂರನೆಯ ಕೈಗೆ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಲಿಪಿಕಾರನಿಗೆ ತಿಂಗಳು ಹಿಡಿಯುತ್ತಿದ್ದ ಕೆಲಸ ಕ್ಷಣದಲ್ಲಿ ಮುಗಿಯುವುದರಿಂದ, ಆ ತಿಂಗಳಿನಲ್ಲಿ ಅವನು ಮಾಡುತ್ತಿದ್ದ ವಿವೇಚನೆಗೆ ಎಡೆಯೇ ಇಲ್ಲದಂತಾಗಿದೆ.

ಜಾತ್ರೆಯ ಮಾತು, ಜಾಲದ ಮಾತು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಇಲ್ಲಿ ಸ್ಮರಿಸಬಹುದು. ಭರತ ಹುಣ್ಣಿಮೆಯ ತರುವಾಯ ನಡೆಯುವ ಆ ಜಾತ್ರೆಯಲ್ಲಿ ಉಪವಾಸವ್ರತದಲ್ಲಿದ್ದ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಮೌನವಾಗುತ್ತದೆ. ಆಮೇಲೆಯೇ ಒಂದೇ ಸಾಲಿನ ದೈವವಾಣಿ. ಆ ವರ್ಷದ ಮಳೆ ಬೆಳೆ ರಾಜಕಾರಣಗಳನ್ನು ಜನ ಅದರಲ್ಲಿ ಅರಸುತ್ತಾರೆ. ಈ ಆಚರಣೆಯಲ್ಲಿ ಗಮನಿಸತಕ್ಕ ಅಂಶವೆಂದರೆ ಮಾತಿಗೆ ಮುಂಚಿನ ವ್ರತ ಹಾಗೂ ಮಾತಿಗೆ ಮುಂಚಿನ ಮೌನ. ಹಿಂದೆ ಜಾತ್ರೆಯಿಂದ ಮರಳುವ ಬಂಡಿಗಳೊಡನೆ ಊರೂರಿಗೆ ತಲುಪುತ್ತಿದ್ದ ಕಾರಣಿಕ ಈಗ ಗೊರವಯ್ಯನವರು ಬಿಲ್ಲಿನಿಂದ ಇಳಿದ ಕೆಲವೇ ನಿಮಿಷಗಳಲ್ಲಿ ಬೆಂಗಳೂರನ್ನೂ ಪರದೇಶವನ್ನೂ ಮುಟ್ಟುತ್ತದೆ. ಅದರ ಬೆನ್ನಿಗೇ ಬಗೆಬಗೆಯ ವ್ಯಾಖ್ಯಾನಗಳು ಹರಡುತ್ತವೆ. ವ್ರತವೂ ಮೌನವೂ ಇರುವುದು ನುಡಿದವರಲ್ಲಿ. ಸಾಗಿಸುವವರಲ್ಲಿ ಎರಡೂ ಇಲ್ಲ.

ವೇಗದಿಂದ ಉಪಕಾರವಿಲ್ಲವೆಂದಲ್ಲ. ೨೦೧೭ರ ಫೆಬ್ರವರಿ ೨೧ರಂದು ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ರಥ ಉರುಳಿದಾಗ ಆ ದೃಶ್ಯ ಮೊಬೈಲುಗಳ ಮೂಲಕ ನಾಡಿನೆಲ್ಲೆಡೆ ಹರಿದಾಡಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ೧೯ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗಲೂ ಸುದ್ದಿ ಅಂತೆಯೇ ಹರಡಿತು. ಜಾತ್ರೆಗೆ ಮನೆಯವರನ್ನು ಕಳುಹಿಸಿದ ತಾಯಿಗೂ, ಜಲಾಶಯದ ಅಂಚಿನ ಹಗರಿಬೊಮ್ಮನಹಳ್ಳಿ ಸೀಮೆಯ ರೈತನಿಗೂ ಇಂಥ ಸುದ್ದಿ ಬೇಗ ತಿಳಿಯುವುದು ಅವಶ್ಯವೇ. ಆದರೆ ಆಪತ್ತಿನ ಹೊತ್ತಿನಲ್ಲಿ ಕೇಳುವವನಿಗೆ ಬೇಕಾದುದು ಬರಿಯ ಸುದ್ದಿಯಲ್ಲ. ಹೇಳಿದವರು ಯಾರೆಂಬ ಗುರುತು ಸಹಿತವಾದ ಸುದ್ದಿ. ಅಧಿಕಾರಿಯ ಪ್ರಕಟಣೆಯೂ ಹೆಸರಿಲ್ಲದವನ ಊಹೆಯೂ ಒಂದೇ ಪರದೆಯಲ್ಲಿ ಒಂದೇ ರೂಪಿನ ಅಕ್ಷರಗಳಲ್ಲಿ ಮೂಡುತ್ತವೆ.

ಅಂಕಿತವಿಲ್ಲದ ನುಡಿ ಪ್ರಾಣವನ್ನೂ ತೆಗೆಯಬಲ್ಲುದು. ೨೦೧೮ರ ಜುಲೈ ೧೩ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೊಬೈಲು ಸಂದೇಶವನ್ನು ನಂಬಿದ ಗುಂಪೊಂದು ಕಾರಿನಲ್ಲಿ ಬಂದಿದ್ದವರನ್ನು ಅಡ್ಡಗಟ್ಟಿ ಥಳಿಸಿತು; ಹೈದರಾಬಾದಿನ ಯುವಕನೊಬ್ಬ ಅಸುನೀಗಿದ. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಪರರ ಸಂದೇಶವನ್ನು ದಾಟಿಸಿದಾಗ ಅದು ದಾಟಿಸಿದ ಸಂದೇಶವೆಂಬ ಗುರುತು ಕಾಣಿಸುವಂತೆ ಮಾಡಿತು. ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನೂ ತಂದಿತು. ಈ ಮಾತು ಕಳುಹಿಸಿದವನದಲ್ಲ ಎಂದಷ್ಟೇ ಆ ಗುರುತು ಹೇಳುತ್ತದೆ, ಯಾರದೆಂದು ಹೇಳುವುದಿಲ್ಲ. ಅದು ಅಂಕಿತದ ಅಭಾವವನ್ನು ತೋರುವ ಚಿಹ್ನೆಯೇ ಹೊರತು ಅಂಕಿತವಲ್ಲ.

ವಚನವಲ್ಲದ ವಚನಗಳು

ಸಾಹಿತ್ಯಾಭ್ಯಾಸಿಗಳಿಗೆ ಇನ್ನೂ ಹತ್ತಿರದ ಅಪಾಯವೊಂದುಂಟು. ಬೆಳಗಿನ ಶುಭಾಶಯದ ಚಿತ್ರಗಳಲ್ಲಿ ಬಸವಣ್ಣನವರ ಭಾವಚಿತ್ರದ ಕೆಳಗೆ ಅವರು ಎಂದೂ ಆಡದ ಮಾತುಗಳು ಅಚ್ಚಾಗಿ ಬರುತ್ತಿವೆ. ಇಂದಿನ ಯಾರೋ ರಚಿಸಿದ ನೀತಿವಾಕ್ಯಕ್ಕೆ ‘ಕೂಡಲಸಂಗಮದೇವ’ ಎಂಬ ಬಾಲ ಸೇರಿಸಿದರೆ ಅದು ವಚನವಾಗಿ ಚಲಾವಣೆಗೆ ಬರುತ್ತದೆ. ಭಾಷಣಕಾರರು ಅದನ್ನು ವೇದಿಕೆಗೆ ಒಯ್ಯುತ್ತಾರೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗೆ ಒಯ್ಯುತ್ತಾರೆ. ಅಂಕಿತದ ವಿಷಯದಲ್ಲಿ ನಾಡು ಎಷ್ಟು ಸೂಕ್ಷ್ಮವಾಗಿದೆಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ: ಬಸವಣ್ಣನವರ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಗ್ರಂಥವೊಂದನ್ನು ರಾಜ್ಯ ಸರ್ಕಾರ ೧೯೯೮ರಲ್ಲಿ ನಿಷೇಧಿಸಿತು, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಹೆಸರು ವಿಳಾಸಗಳುಳ್ಳ ಗ್ರಂಥವಾದ್ದರಿಂದ ನ್ಯಾಯಾಲಯದ ವಿಚಾರಣೆ ಸಾಧ್ಯವಾಯಿತು. ದಿನಬೆಳಗಾದರೆ ಹಾರಿಬರುವ ಕೃತಕ ವಚನದ ಮೇಲೆ ಯಾರು ಯಾರನ್ನು ಪ್ರಶ್ನಿಸುವುದು?

ಈ ರೋಗಕ್ಕೆ ಮದ್ದೂ ಅದೇ ತಂತ್ರಜ್ಞಾನದಲ್ಲಿದೆಯೆಂಬುದು ಸಮಾಧಾನದ ಸಂಗತಿ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಅನಂತರ ೨೦೧೦ರ ದಶಕದಲ್ಲಿ ಕನ್ನಡದ ಉತ್ಸಾಹಿಗಳು ‘ವಚನ ಸಂಚಯ’ವೆಂಬ ಜಾಲತಾಣವನ್ನು ಸಿದ್ಧಪಡಿಸಿ ೨೦,೦೦೦ಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದವನ್ನು ಹುಡುಕುವ ಅನುಕೂಲ ಕಲ್ಪಿಸಿದರು. ಹಿಂದೆ ಪದಸೂಚಿಯೊಂದನ್ನು ಸಿದ್ಧಪಡಿಸಲು ವಿದ್ವಾಂಸನು ವರ್ಷಗಳನ್ನು ಸವೆಸಬೇಕಾಗಿತ್ತು.

ಸಂದೇಹ ಬಂದಾಗ ಪರೀಕ್ಷಿಸುವ ಕ್ರಮ ಸರಳವಾದುದು. ಮೊದಲು ಅಂಕಿತಕ್ಕೂ ಹೇಳಲಾದ ಕರ್ತೃವಿಗೂ ಹೊಂದಿಕೆಯಿದೆಯೆ ಎಂದು ನೋಡಬೇಕು. ಎರಡನೆಯದಾಗಿ ಪದಗಳನ್ನು ಗಮನಿಸಬೇಕು. ಇತ್ತೀಚಿನ ಶತಮಾನದಲ್ಲಿ ರೂಢಿಗೆ ಬಂದ ಪದವಿದ್ದರೆ ಅದು ಹನ್ನೆರಡನೆಯ ಶತಮಾನದ ರಚನೆಯಾಗಲಾರದು. ಮೂರನೆಯದಾಗಿ ವಿರಳವಾದ ಒಂದೆರಡು ಪದಗಳನ್ನು ಆಯ್ದು ಸಂಪುಟಗಳಲ್ಲಿ ಇಲ್ಲವೆ ಜಾಲತಾಣದಲ್ಲಿ ಹುಡುಕಬೇಕು. ಪಾಠಾಂತರಗಳಿಂದಲೂ ಕಾಗುಣಿತದ ವ್ಯತ್ಯಾಸದಿಂದಲೂ ನಿಜವಾದ ವಚನವೂ ಕೆಲವೊಮ್ಮೆ ಕಣ್ತಪ್ಪಬಹುದು. ಆದಕಾರಣ ಒಂದೇ ಹುಡುಕಾಟದಿಂದ ತೀರ್ಪು ಕೊಡದೆ ಬೇರೆ ಪದದಿಂದಲೂ ಅರಸುವುದು ಯುಕ್ತ. ಇಷ್ಟಕ್ಕೆ ಬೇಕಾಗುವ ಸಮಯ ಐದು ನಿಮಿಷ.

ಕಾಯಕ ಮತ್ತು ಹಾಜರಿ

ದುಡಿಮೆಯ ಕ್ಷೇತ್ರದಲ್ಲಿಯೂ ಈ ಎರಡು ಮುಖಗಳು ಕಾಣುತ್ತವೆ. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ವಿಜಯನಗರದ ಪಾಲಾಯಿತು. ಜಿಲ್ಲಾಕೇಂದ್ರ ಹೀಗೆ ಬದಲಾಗುತ್ತಿದ್ದರೂ ರೈತನು ತನ್ನ ಪಹಣಿಯನ್ನು ಸಮೀಪದಲ್ಲೇ ಪಡೆಯಲು ಸಾಧ್ಯವಾದುದು ೨೦೦೦ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೈಬರಹದ ಪುಸ್ತಕ ಒಬ್ಬನ ಬಗಲಲ್ಲಿ ಇದ್ದಾಗ ರೈತನು ಅನುಭವಿಸುತ್ತಿದ್ದ ಕಾಯುವಿಕೆ ತಗ್ಗಿತು. ಹಾಗೆಯೇ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಒಂದು ದಿನದ ಬಾಳಿನ ಸರಕು. ಮೊಗ್ಗು ಬಿಡಿಸುವ ಮೊದಲೇ ದೂರದ ಪೇಟೆಯ ಧಾರಣೆಯನ್ನು ವಿಚಾರಿಸಲು ಬೆಳೆಗಾರನಿಗೆ ಮೊಬೈಲು ಒದಗುತ್ತದೆ. ಕೂಡ್ಲಿಗಿಯ ಕಡೆಯಿಂದ ಬರದ ದಿನಗಳಲ್ಲಿ ಗುಳೆ ಹೋದ ತಂದೆತಾಯಿಗಳು ಅಜ್ಜಿಯ ಬಳಿ ಉಳಿದ ಮಗುವಿನ ಮುಖವನ್ನು ರಾತ್ರಿ ಪರದೆಯಲ್ಲಿ ಕಾಣುವುದೂ ಸಣ್ಣ ಲಾಭವಲ್ಲ.

ಆದರೆ ದುಡಿಮೆಗೆ ಸಾಕ್ಷಿಯಾಗಿ ಯಂತ್ರವನ್ನು ನಿಲ್ಲಿಸಿದಾಗ ಏನಾಗುತ್ತದೆಂಬುದಕ್ಕೆ ಉದ್ಯೋಗ ಖಾತರಿ ಯೋಜನೆಯ ಅನುಭವ ಕಣ್ಣಮುಂದಿದೆ. ೨೦೦೫ರ ಕಾಯ್ದೆಯಡಿ ನಡೆದ ಆ ಯೋಜನೆಯಲ್ಲಿ ಕೂಲಿಕಾರರ ಗುಂಪಿನ ಮುಂದಾಳಿಗೆ ಕರ್ನಾಟಕದಲ್ಲಿ ಇಟ್ಟ ಹೆಸರು ‘ಕಾಯಕ ಬಂಧು’. ವಚನದ ಪದವೊಂದು ಕೆರೆಯ ಹೂಳೆತ್ತುವ ಸ್ಥಳಕ್ಕೆ ಬಂದುದು ಸಂತೋಷದ ವಿಷಯ. ೨೦೨೧ರ ಮೇ ತಿಂಗಳಲ್ಲಿ ಹಾಜರಿಗಾಗಿ ಮೊಬೈಲು ತಂತ್ರಾಂಶವೊಂದು ಜಾರಿಗೆ ಬಂದಿತು. ೨೦೨೩ರ ಜನವರಿ ೧ರಿಂದ ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೂಲಿಕಾರರ ಚಿತ್ರ ತೆಗೆದು, ಸ್ಥಳದ ಗುರುತಿನೊಡನೆ ಕಳುಹಿಸಬೇಕು. ಸುಳ್ಳು ಹಾಜರಿಯನ್ನು ತಡೆಯುವುದು ಇದರ ಉದ್ದೇಶ. ಸಿಗ್ನಲ್ ಸಿಗದ ಕಡೆ ಚಿತ್ರ ಹೋಗದಿದ್ದರೆ ಬಿಸಿಲಲ್ಲಿ ದುಡಿದವರ ಕೂಲಿಗೇ ಕುತ್ತು ಬಂದಿತೆಂಬ ದೂರುಗಳು ದೇಶದ ನಾನಾ ಭಾಗಗಳಿಂದ ಬಂದವು. ಇತ್ತ ವಂಚಿಸುವವರು ಸುಮ್ಮನಿರಲಿಲ್ಲ. ಸಂಬಂಧವಿಲ್ಲದ ಚಿತ್ರಗಳನ್ನೂ, ಚಿತ್ರದ ಮೇಲೆ ತೆಗೆದ ಚಿತ್ರಗಳನ್ನೂ ಕಳುಹಿಸಲಾಗುತ್ತಿದೆಯೆಂದು ೨೦೨೫ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು ಎಚ್ಚರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಬದಲಾದರೂ ಪ್ರಶ್ನೆ ಹಾಗೆಯೇ ಉಳಿದಿದೆ: ಸತ್ಯವಂತನು ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾಗಿ ಬಂದರೆ, ಅಸತ್ಯವಂತನು ಯಂತ್ರಕ್ಕೂ ಮಂಕುಬೂದಿ ಎರಚಿದರೆ, ಆ ಸಾಕ್ಷಿಯ ಬೆಲೆಯೇನು?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಳೆದು ನೋಡುವ ಅಧಿಕಾರಿ ಅಲ್ಲಿರಲಿಲ್ಲ. ಚಿತ್ರ ತೆಗೆಯುವ ಯಂತ್ರವೂ ಇರಲಿಲ್ಲ. ಕಾಯಕದ ಸಾಕ್ಷಿ ಆ ಮನೆಯೊಳಗೇ ಇತ್ತು. ಲೆಕ್ಕಪತ್ರ, ತಪಾಸಣೆಗಳು ಬೇಡವೆಂದು ಇದರ ತಾತ್ಪರ್ಯವಲ್ಲ. ಸಾರ್ವಜನಿಕ ಹಣಕ್ಕೆ ಅವು ಇರಲೇಬೇಕು. ಆದರೆ ಒಳಗಿನ ಸಾಕ್ಷಿ ಸತ್ತಲ್ಲಿ ಹೊರಗಿನ ಸಾಕ್ಷಿಯನ್ನು ಎಷ್ಟು ಹೆಚ್ಚಿಸಿದರೂ ಸಾಲದು. ಮತ್ತು ಆ ಹೆಚ್ಚಳದ ಭಾರವನ್ನು ಹೊರುವವರು ಪ್ರಾಮಾಣಿಕರಾದ ಬಡವರೇ.

ಉಪಸಂಹಾರ

ಮೊಬೈಲನ್ನು ದೂಷಿಸಿ ದೂರವಿಡುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಮುದ್ರಣಯಂತ್ರವನ್ನು ದೂರವಿಟ್ಟಿದ್ದರೆ ವಚನಗಳು ಗರಿಗಳಲ್ಲಿಯೇ ಹುಳು ಹಿಡಿದುಹೋಗುತ್ತಿದ್ದವು. ಯಂತ್ರವು ನುಡಿಯನ್ನು ಸಾಗಿಸಬಲ್ಲುದು, ಹೊಣೆಯನ್ನು ಹೊರಲಾರದು; ಹಾಜರಿಯನ್ನು ಬರೆದುಕೊಳ್ಳಬಲ್ಲುದು, ಕಾಯಕವನ್ನು ಕಾಣಲಾರದು. ಅವೆರಡೂ ಮನುಷ್ಯನ ಪಾಲಿಗೇ ಉಳಿದಿವೆ.

ಭಕ್ತರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ನೇಮಗಳು ಕಷ್ಟದವಲ್ಲ. ಮೂಲ ತಿಳಿಯದ ಮಾತನ್ನು ದಾಟಿಸದಿರುವುದು; ವಚನವನ್ನು ಕಳುಹಿಸುವಾಗ ಕರ್ತೃವನ್ನೂ ಆಕರವನ್ನೂ ಜೊತೆಗೆ ತಿಳಿಸುವುದು; ತಪ್ಪೆಂದು ಗೊತ್ತಾದರೆ ತಿದ್ದುಪಡಿಯನ್ನು ಅದೇ ಗುಂಪಿಗೆ ಕಳುಹಿಸುವುದು. ಹಳೆಯ ಲಿಪಿಕಾರನು ಕೊನೆಯ ಗರಿಯಲ್ಲಿ ಮಾಡುತ್ತಿದ್ದುದೂ ಇಷ್ಟೇ. ಮಠಗಳೂ ಶಾಲೆಗಳೂ ಇದನ್ನು ಎಳೆಯರಿಗೆ ಅಕ್ಷರಾಭ್ಯಾಸದಂತೆ ಕಲಿಸಿದರೆ, ಹೊಸ ಸಾಧನವು ಶರಣವಾಣಿಯ ಸೇವೆಗೆ ಸಲ್ಲುವುದರಲ್ಲಿ ಸಂದೇಹವಿಲ್ಲ.