ತಲೆ ಸಾಹಸಸಿಂಹನದು, ಮೈ ಯಾರದು?

ಕಳೆದ ತಿಂಗಳ ಒಂದು ಶುಕ್ರವಾರ. ವಾರದ ಬಟ್ಟೆ ಒಗೆದಾಗಿತ್ತು, ಅನ್ನ ಸಾರು ಉಂಡಾಗಿತ್ತು. ನಾವು ಆರು ಜನ ರೂಮಿನಲ್ಲಿ ಕಾಲು ಚಾಚಿ ಕೂತಿದ್ದೆವು. ಮಂಡ್ಯ ಕಡೆಯ ನಮ್ಮ ಗೆಳೆಯ ವಿಷ್ಣುವರ್ಧನ್ ಅವರ ಕಟ್ಟಾ ಅಭಿಮಾನಿ. ಟಿವಿಗೆ ಮೊಬೈಲ್ ಜೋಡಿಸಿ ‘ನಾಗರಹಾವು’ ಹಾಕಿದ. 1972ರ ಪುಟ್ಟಣ್ಣನವರ ರಾಮಾಚಾರಿ ಅಲ್ಲ, 2016ರಲ್ಲಿ ಕೋಡಿ ರಾಮಕೃಷ್ಣ ಮಾಡಿದ್ದು, ರಮ್ಯಾ ಮತ್ತು ದಿಗಂತ್ ಇರುವುದು. ವಿಷ್ಣು ನಮ್ಮನ್ನು ಬಿಟ್ಟುಹೋದದ್ದು 2009ರ ಡಿಸೆಂಬರ್ 30ರಂದು. ಹೆಚ್ಚುಕಡಿಮೆ ಏಳು ವರ್ಷದ ನಂತರ ಅವರು ಈ ಚಿತ್ರದಲ್ಲಿ ತೆರೆಗೆ ಬಂದರು. ಬೇರೊಬ್ಬರು ಮೈ ಕೊಟ್ಟು ಅಭಿನಯಿಸಿದರು, ಕಂಪ್ಯೂಟರಿನಲ್ಲಿ ಕಟ್ಟಿದ ವಿಷ್ಣು ಅವರ ತಲೆಯನ್ನು ಆ ಮೈಗೆ ಕೂರಿಸಿದರು.

ಆ ದೃಶ್ಯ ಬಂದದ್ದೇ ತಡ, ಮಂಡ್ಯದವನ ಕಣ್ಣಲ್ಲಿ ನೀರು. ಪುತ್ತೂರಿನವರೊಬ್ಬರು ಮಾತ್ರ ಸುಮ್ಮನಿರಲಿಲ್ಲ. “ಮುಖ ಅವರದ್ದೇ ಮಾರಾಯ. ಆದ್ರೆ ಕಣ್ಣು ಎಲ್ಲಿ ನೋಡ್ತಾ ಉಂಟು?” ಅಂದರು. ಅಲ್ಲಿಂದ ಶುರುವಾದ ವಾದ ಸುಲೈಮಾನಿ ಮೂರು ಸಲ ಕಾಯಿಸಿದರೂ ಮುಗಿಯಲಿಲ್ಲ. ನಾಳೆ ನಟರೇ ಬೇಡವಾಗುತ್ತಾರಾ? ಹೋದವರನ್ನೆಲ್ಲ ಮಷೀನು ತಂದು ನಿಲ್ಲಿಸುತ್ತದಾ? ಈ ಸಂಚಿಕೆಗೆ ಅದನ್ನೇ ಬರೆಯೋಣ ಅಂತ ಕೂತೆವು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅನ್ನುವುದು. ಮೋಷನ್ ಕ್ಯಾಪ್ಚರ್ ಅಂದರೆ ಚಲನೆಯನ್ನು ಹಿಡಿದಿಡುವುದು. ನಟ ಮೈಗಂಟಿದ ಕಪ್ಪು ಉಡುಪು ಹಾಕುತ್ತಾನೆ. ಮೊಣಕೈ, ಮಂಡಿ, ಭುಜ, ಸೊಂಟ ಎಲ್ಲ ಕಡೆ ಬೆಳಕನ್ನು ಹಿಂದಕ್ಕೆ ಎಸೆಯುವ ಪುಟ್ಟ ಗುಂಡುಗಳು. ಸುತ್ತ ಹತ್ತಾರು ಕ್ಯಾಮೆರಾ. ಒಂದೇ ಗುಂಡನ್ನು ಬೇರೆ ಬೇರೆ ಕೋನದಿಂದ ನೋಡಿ, ಅದು ಎಲ್ಲಿದೆ ಅಂತ ಕಂಪ್ಯೂಟರ್ ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಮುಖಕ್ಕೆ ಚುಕ್ಕಿ ಇಟ್ಟು, ತಲೆಗೊಂದು ಹೆಲ್ಮೆಟ್ ಹಾಕಿ, ಮೂಗಿನ ಮುಂದೆ ಚಿಕ್ಕ ಕ್ಯಾಮೆರಾ ತೂಗಿಬಿಡುತ್ತಾರೆ. ಹೀಗೆ ಸಿಕ್ಕ ಚಲನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಬೊಂಬೆಗೆ ತೊಡಿಸುತ್ತಾರೆ. ಬೊಂಬೆ ಕೋತಿಯಾಗಬಹುದು, ರಾಕ್ಷಸ ಆಗಬಹುದು, ತೀರಿಹೋದ ನಾಯಕನೂ ಆಗಬಹುದು.

ಆದರೆ ಕಣ್ಣುಗುಡ್ಡೆಗೆ ಚುಕ್ಕಿ ಅಂಟಿಸಲು ಆಗುವುದಿಲ್ಲವಲ್ಲ! ಎಲ್ಲ ಎಡವಿದ್ದು ಅಲ್ಲೇ. 2004ರಲ್ಲಿ ಹಾಲಿವುಡ್ಡಿನ ರಾಬರ್ಟ್ ಜೆಮೆಕಿಸ್ ‘ದಿ ಪೋಲಾರ್ ಎಕ್ಸ್‌ಪ್ರೆಸ್’ ಮಾಡಿದರು. ಟಾಮ್ ಹ್ಯಾಂಕ್ಸ್‌ ಅಂಥ ದೊಡ್ಡ ನಟ ಹಲವು ಪಾತ್ರ ಮಾಡಿದ್ದರು. ಮಕ್ಕಳ ಚಿತ್ರ, ಆದರೆ ಮಕ್ಕಳ ಮುಖ ನೋಡಿದರೆ ನಮಗೇ ಒಂಥರಾ ಭಯ. ಮುಂದಿನ ‘ಬಿಯೊವುಲ್ಫ್’ ಹೊತ್ತಿಗೆ ನಟರ ಕಣ್ಣಿನ ಸುತ್ತ ಎಲೆಕ್ಟ್ರೋಡ್ ಅಂಟಿಸಿ ಕಣ್ಣಾಟವನ್ನೂ ಹಿಡಿಯಲು ನೋಡಿದರು. ಜಪಾನಿನ ಮಸಾಹಿರೊ ಮೋರಿ ಎಂಬ ರೋಬೋ ತಜ್ಞರು 1970ರಲ್ಲೇ ಇದನ್ನು ಹೇಳಿದ್ದರು. ಬೊಂಬೆ ಮನುಷ್ಯನಂತೆ ಆಗುತ್ತಾ ಹೋದಷ್ಟೂ ನಮಗೆ ಇಷ್ಟವಾಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಹೇಸಿಗೆ ಹುಟ್ಟುತ್ತದೆ ಅಂತ.

ನಮ್ಮ ಕಡೆಯೂ ಒಂದು ದೊಡ್ಡ ಪ್ರಯೋಗ ಆಯಿತು. 2014ರ ‘ಕೋಚಡೈಯಾನ್’. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅದರ ನಾಯಕ, ನಿರ್ದೇಶಕಿ ಅವರ ಮಗಳು ಸೌಂದರ್ಯಾ. 2009ರಲ್ಲಿ ತೀರಿಕೊಂಡಿದ್ದ ಹಾಸ್ಯನಟ ನಾಗೇಶ್ ಅವರನ್ನೂ ಅದರಲ್ಲಿ ಮರಳಿ ತಂದರು. (ನಾಗೇಶ್ ಮನೆಮಾತು ಕನ್ನಡ, ತಮಿಳುನಾಡಿನಲ್ಲಿ ಹುಟ್ಟಿ ಬೆಳೆದವರು.) ರಜನಿಯ ನಡಿಗೆ, ಕೈಯ ವೇಗ ಸ್ವಲ್ಪ ಸಿಕ್ಕಿತ್ತು. ಆದರೆ ಮುಖ ಮರದ್ದು. ತೆರೆಯ ಮೇಲೆ ರಜನಿ ಇದ್ದರೂ ರಜನಿ ಇಲ್ಲ ಅಂತ ಅಭಿಮಾನಿಗಳೇ ಗೊಣಗಿದರು.

ಹಾಗಾದರೆ ಇದೆಲ್ಲ ಬರೀ ಗಿಮಿಕ್ಕಾ? ಅಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಗೊಲ್ಲಮ್ ನೋಡಿದವರಿಗೆ ಗೊತ್ತು. ಆಮೇಲೆ ‘ಪ್ಲಾನೆಟ್ ಆಫ್ ದಿ ಏಪ್ಸ್’ ಸರಣಿಯ ಸೀಸರ್ ಎಂಬ ಚಿಂಪಾಂಜಿ. ಎರಡೂ ಆಂಡಿ ಸರ್ಕಿಸ್ ಎಂಬ ಒಬ್ಬನೇ ನಟ. ಸೀಸರ್‌ನದಂತೂ ಗುಂಡು ಅಂಟಿಸಿದ ಉಡುಪು ಹಾಕಿಕೊಂಡು ಕೆನಡಾದ ವ್ಯಾಂಕೂವರ್ ಬಳಿಯ ಮಳೆಕಾಡಿನಲ್ಲಿ ಮಾಡಿದ ಅಭಿನಯ. ‘ಅವತಾರ್’ ಎರಡನೇ ಭಾಗದಲ್ಲಿ ಎಪ್ಪತ್ತರ ಆಸುಪಾಸಿನ ಸಿಗೋರ್ನಿ ವೀವರ್ ಹದಿನಾಲ್ಕರ ಹುಡುಗಿಯಾದರು. ಆ ಚಿತ್ರದ ನೀರಿನ ದೃಶ್ಯಗಳಿಗೆ ನಟರು ನಿಜವಾಗಿಯೂ ನೀರಿಗಿಳಿದರು. ಆಕ್ಸಿಜನ್ ಸಿಲಿಂಡರ್ ಹಾಕಿದರೆ ಗುಳ್ಳೆ ಎದ್ದು ಕ್ಯಾಮೆರಾಗೆ ಅಡ್ಡ, ಹಾಗಾಗಿ ಉಸಿರು ಬಿಗಿಹಿಡಿಯಲು ಕಲಿತರು. ಕೇಟ್ ವಿನ್ಸ್‌ಲೆಟ್ ಏಳು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದರಂತೆ. ಕಂಪ್ಯೂಟರ್ ಸಿನಿಮಾ ಅಂದರೆ ಎಸಿಯಲ್ಲಿ ಕೂತು ಗುಂಡಿ ಒತ್ತುವುದು ಅಂದುಕೊಂಡಿದ್ದ ನಾವು ಇದನ್ನು ಓದಿ ಸುಸ್ತಾದೆವು.

ಇಲ್ಲಿ ಪುತ್ತೂರಿನವರು ಹೇಳಿದ ಮಾತು ನಮಗೆ ತುಂಬ ಹಿಡಿಸಿತು. ಅವರು ತೆಂಕುತಿಟ್ಟಿನ ಯಕ್ಷಗಾನ ನೋಡುತ್ತಲೇ ಬೆಳೆದವರು. ಬಣ್ಣದ ವೇಷದವರು ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಚೌಕಿಯಲ್ಲಿ ಕೂರುತ್ತಾರೆ. ವೇಷ ಮುಗಿದಾಗ ಒಳಗಿನ ಮುಖ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. “ಆದ್ರೂ ಪರದೆ ಹಿಂದಿನಿಂದ ಒಂದು ಹೂಂಕಾರ ಕೇಳಿದ್ರೆ ಸಾಕು, ಯಾರ ವೇಷ ಅಂತ ನಮ್ಮ ಅಜ್ಜ ಹೇಳ್ತಿದ್ರು” ಅಂದರು. ಸರ್ಕಿಸ್ ಮಾಡುವುದೂ ಅದೇ. ಅವನ ಚುಟ್ಟಿಯನ್ನು ಆಮೇಲೆ ನೂರಾರು ಜನ ಕಂಪ್ಯೂಟರಿನಲ್ಲಿ ಇಡುತ್ತಾರೆ, ಅಷ್ಟೇ. ಅವರದ್ದೂ ಸಣ್ಣ ಕೆಲಸವಲ್ಲ. ಮೊದಲ ಗೊಲ್ಲಮ್‌ನ ಮುಖವನ್ನು ಸರ್ಕಿಸ್ ಅಭಿನಯ ನೋಡಿಕೊಂಡು ಕಲಾವಿದರು ಕೈಯಾರೆ ಆಡಿಸಿದ್ದು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಒಳಗೆ ಒಳ್ಳೆಯ ನಟ ಇದ್ದರೆ, ಹೊರಗಿನ ಮುಖ ಮನುಷ್ಯನದ್ದಲ್ಲದಿದ್ದರೆ, ನಾವು ನಂಬುತ್ತೇವೆ. ಸತ್ತವರ ಮುಖವನ್ನು ಇನ್ನೊಬ್ಬರ ಮೈಗೆ ಹಾಕಿದಾಗ ನಂಬಿಕೆ ಕಷ್ಟ, ಯಾಕೆಂದರೆ ಆ ಮುಖ ನಮಗೆ ಮನೆಯವರಷ್ಟೇ ಗೊತ್ತು. ಪುನೀತ್ ಅವರ ‘ಜೇಮ್ಸ್’ ನೆನಪಿದೆಯಲ್ಲ? ಮೈ, ಮುಖ, ಕುಣಿತ ಎಲ್ಲ ಅವರದ್ದೇ. ಡಬ್ಬಿಂಗ್ ಮಾಡುವ ಮೊದಲೇ ಅವರು ಹೋಗಿಬಿಟ್ಟಿದ್ದರಿಂದ 2022ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ದನಿ ಕೊಟ್ಟವರು ಶಿವಣ್ಣ. ಅಣ್ಣನ ದನಿಯೇ ಆದರೂ ಜನರಿಗೆ ಅಪ್ಪುವಿನ ದನಿಯೇ ಬೇಕಿತ್ತು, ಕೆಲವೇ ವಾರಗಳಲ್ಲಿ ಅಪ್ಪು ದನಿಯಲ್ಲೇ ಮತ್ತೆ ತೆರೆಗೆ ತಂದರು.

ಇನ್ನು ನಮ್ಮಂಥ ದುಡಿಯುವವರ ಮಾತು. ಸರ್ಕಿಸ್‌ಗೆ ಈ ಪಾತ್ರಗಳಿಗಾಗಿ ಆಸ್ಕರ್‌ನ ನಟನೆ ವಿಭಾಗದಲ್ಲಿ ಒಮ್ಮೆಯೂ ನಾಮನಿರ್ದೇಶನ ಸಿಗಲಿಲ್ಲ. ಹೋಗಲಿ, ಅನಿಮೇಷನ್ ಅಂತಾದರೂ ಲೆಕ್ಕಕ್ಕೆ ಬರುತ್ತದಾ? ಬರೀ ಮೋಷನ್ ಕ್ಯಾಪ್ಚರ್ ಅನಿಮೇಷನ್ ಅಲ್ಲ ಅಂತ ಅಕಾಡೆಮಿಯ ನಿಯಮವೇ ಹೇಳುತ್ತದೆ. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಈ ಸ್ಥಿತಿ ನಮಗೆ ಯಾರೂ ವಿವರಿಸಬೇಕಿಲ್ಲ.

2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿತು. ಕೇಳಿದ್ದರಲ್ಲಿ ಮುಖ್ಯವಾದದ್ದು ಒಪ್ಪಿಗೆ ಮತ್ತು ಕೂಲಿ. ಗುಂಪಿನಲ್ಲಿ ನಿಲ್ಲುವ ಸಣ್ಣ ನಟರನ್ನು ಸ್ಕ್ಯಾನ್ ಮಾಡಿಕೊಂಡು, ಒಂದು ದಿನದ ಸಂಬಳ ಕೊಟ್ಟು, ಆ ರೂಪವನ್ನು ಶಾಶ್ವತವಾಗಿ ಬಳಸಲು ನಿರ್ಮಾಪಕರು ಹೊರಟಿದ್ದಾರೆ ಎಂದು ಸಂಘ ದೂರಿತು, ನಿರ್ಮಾಪಕರ ಕೂಟ ಅದನ್ನು ಅಲ್ಲಗಳೆಯಿತು. ಮರುವರ್ಷ ವಿಡಿಯೋ ಗೇಮ್ ನಟರು ಮುಷ್ಕರಕ್ಕಿಳಿದಾಗ ಜಗಳ ಇನ್ನೂ ಮೂಲಕ್ಕೆ ಹೋಯಿತು. ಉಡುಪು ಹಾಕಿ ಬೀಳುವವರು, ಓಡುವವರು, ಗುದ್ದಿಸಿಕೊಳ್ಳುವವರು ನಟರೋ, ಅಥವಾ ಅವರ ಚಲನೆ ಬರೀ ಕಂಪ್ಯೂಟರ್ ಸರಕೋ? ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿ ವಿಮಾನ ಹತ್ತಿದ ನಮ್ಮ ರೂಮಿನವರಿಗೆ ಈ ಜಗಳ ದೂರದ್ದು ಅನ್ನಿಸಲಿಲ್ಲ. ಸಹಿ ಹಾಕುವಾಗ ನಮ್ಮದು ಏನೇನು ಹೋಗುತ್ತದೆ ಅಂತ ತಿಳಿಯುವುದು ಆಮೇಲೆಯೇ.

ರಾತ್ರಿ ಖುಬೂಸ್ ಮುರಿಯುತ್ತಾ ಮಂಡ್ಯದವನು ಮತ್ತೆ ಅದೇ ದೃಶ್ಯ ಹಾಕಿದ. ಈ ಸಲ ಮುಖ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದ. ಭುಜ, ಕೈ, ಕಾಲು ಊರುವ ರೀತಿ.

“ಅಲ್ಲ ಗುರೂ, ಈ ಮೈ ಯಾರ್ದು?”

ರೂಮಿನಲ್ಲಿ ಯಾರಿಗೂ ಹೆಸರು ಗೊತ್ತಿರಲಿಲ್ಲ. ಚಿತ್ರವನ್ನು ಕೊನೆಯವರೆಗೂ ಓಡಿಸಿ ಹೆಸರು ಹುಡುಕುತ್ತೇನೆ ಅಂತ ಅವನು ಹಟ ಹಿಡಿದ. ನಾಲ್ಕೂವರೆಗೆ ಸೈಟಿನ ಬಸ್ಸು ಇತ್ತು, ನಾವೆಲ್ಲ ಮಲಗಿದೆವು. ಟಿವಿಯ ಬೆಳಕು ಮಾತ್ರ ತುಂಬ ಹೊತ್ತು ಗೋಡೆಯ ಮೇಲೆ ಆಡುತ್ತಿತ್ತು.